ಅಮಾವಾಸ್ಯೆಯ ಮರುದಿನದ ಓಟ

ಬೆಳಿಗ್ಗೆ ಎದ್ದು ಓಡುವವರನ್ನು ಕಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸೂರ್ಯ ಇನ್ನೂ ಗುಡ್ಡದ ಬಂಡೆಗಳ ಹಿಂದೆ ಇರುವಾಗಲೇ ಇವರು ಇಬ್ಬಿಬ್ಬರಾಗಿ ಮಾತಾಡಿಕೊಂಡು ಓಡುತ್ತಿರುತ್ತಾರೆ. ಓಟದ ಜೊತೆಗೆ ಮಾತು ಬೇರೆ! ನಾನು ಬೆಳಿಗ್ಗೆ ಓಡಿದ ಆ ಒಂದು ವರ್ಷದಲ್ಲಿ ನನ್ನ ಬಾಯಿಂದ ಬಂದದ್ದು ಏದುಸಿರು ಮತ್ತು ಬೈಗುಳ, ಎರಡೇ. ಬೈಗುಳವೂ ಪೂರ್ತಿ ಬರುತ್ತಿರಲಿಲ್ಲ, ಅರ್ಧಕ್ಕೆ ಉಸಿರು ಮುಗಿಯುತ್ತಿತ್ತು.

ನಾನೇನೂ ಶೋಕಿಗೆ ಓಡಿದವಳಲ್ಲ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ ನಮ್ಮದು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ಇದ್ದದ್ದು ಅವ್ವ, ನಾನು, ನಡುಮನೆಯಲ್ಲಿ ಒಂದು ಕುಣಿ ಮಗ್ಗ. ನೆಲದಲ್ಲಿ ಮಂಡಿಯಷ್ಟು ಆಳದ ಗುಂಡಿ ತೋಡಿರುತ್ತಾರೆ, ಅದೇ ಕುಣಿ. ಅದರ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು, ತಳದಲ್ಲಿರುವ ತುಳಿಮಣೆಗಳನ್ನು ಒಂದಾದ ಮೇಲೊಂದು ಒತ್ತುತ್ತಾ ನೇಯಬೇಕು. ಕೈ ಲಾಳಿ ಎಸೆಯುತ್ತದೆ, ನೋಡುವವರ ಕಣ್ಣೆಲ್ಲ ಕೈಯ ಮೇಲೆ, ಸೀರೆಯ ಮೇಲೆ. ಕೆಳಗೆ ಕತ್ತಲಲ್ಲಿ ಇಡೀ ದಿನ ದುಡಿಯುವ ಕಾಲನ್ನು ಯಾರೂ ಕೇಳುವುದಿಲ್ಲ.

ಅವ್ವನ ಕಾಲು ಹಾಗೆ ಮೂವತ್ತು ವರ್ಷ ದುಡಿದಿತ್ತು. ಕೊನೆಕೊನೆಗೆ ಅವಳಿಗೆ ಕುಣಿಯಿಂದ ತಾನಾಗಿ ಮೇಲೆ ಬರಲು ಆಗುತ್ತಿರಲಿಲ್ಲ. ಸಂಜೆ ನಾನು ಹಿಂದೆ ನಿಂತು ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಬೇಕಿತ್ತು. ಎತ್ತುವಾಗ ಅವಳ ಮಂಡಿ ಲಟಲಟ ಅನ್ನುವುದು ನನಗೆ ಕೇಳಿಸುತ್ತಿತ್ತು. ನಾಲ್ಕು ವರ್ಷದ ಹಿಂದೆ ಡಾಕ್ಟರು ಇನ್ನು ಕುಣಿಗೆ ಇಳಿಯಕೂಡದು ಅಂದರು. ಅಲ್ಲಿಯವರೆಗೆ ಇಬ್ಬರೂ ಸರದಿಯಲ್ಲಿ ನೇಯುತ್ತಿದ್ದ ಮಗ್ಗ ಅಂದಿನಿಂದ ಪೂರ್ತಿ ನನ್ನದು, ಗೋಡೆಗೊರಗಿ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೆಲಸ ಅವಳದು.

ನನಗೆ ಅವ್ವನ ಮಂಡಿಯ ಭಯ. ಇದನ್ನು ನೇರವಾಗಿಯೇ ಹೇಳುತ್ತೇನೆ, ಮಗ್ಗದ ಮೇಲೆ ದ್ವೇಷವೇನೂ ಇರಲಿಲ್ಲ, ಮಂಡಿಯ ಭಯ ಇತ್ತು. ಕುದಾಪುರದ ಕಡೆ ದನ ಮೇಯುವ ಕಾವಲಿನ ಬಯಲಿನಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳು ಬಂದ ಮೇಲೆ ಗೇಟು ಕಾಯುವ ಕೆಲಸಕ್ಕೆ ಹೆಂಗಸರನ್ನೂ ತೆಗೆದುಕೊಳ್ಳುತ್ತಿದ್ದರು. ಬರೆಯುವ ಪರೀಕ್ಷೆ ನಾನು ಸಲೀಸಾಗಿ ಪಾಸಾದೆ. ಆಮೇಲೆ ಓಟ. ಎಂಟುನೂರು ಮೀಟರನ್ನು ನಾಲ್ಕು ನಿಮಿಷದ ಒಳಗೆ ಮುಗಿಸಬೇಕು. ಚಳ್ಳಕೆರೆಯ ಮೈದಾನದಲ್ಲಿ ಬೆಳಿಗ್ಗೆ ಆರೂಕಾಲಕ್ಕೆ ಓಡಿದೆ, ಹನ್ನೊಂದು ಸೆಕೆಂಡು ತಡವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಂದಿನ ವರ್ಷ ಮತ್ತೆ ಕರೆಯುತ್ತಾರೆ ಅಂದರು. ಆಗ ವಯಸ್ಸಿನ ಮಿತಿ ದಾಟಲು ನನಗೆ ಎರಡೇ ತಿಂಗಳು ಬಾಕಿ ಇರುತ್ತಿತ್ತು. ಅದು ತಪ್ಪಿದರೆ ಇನ್ನೊಂದು ಸಲ ಇಲ್ಲ.

ಹೀಗೆ ನನ್ನ ಬೆಳಗಿನ ಓಟ ಶುರುವಾಯಿತು. ಬೆಳಿಗ್ಗೆ ಅಂತ ಗೊತ್ತು ಮಾಡಿದವಳು ಅವ್ವ. ಅವಳ ಲೆಕ್ಕ ಸರಳವಾಗಿತ್ತು.

“ಕತ್ಲಾಗೇ ಓಡಿ ಬಂದ್‌ಬಿಡು. ಯಾರೂ ನೋಡಲ್ಲ, ಯಾರೂ ಆಡ್ಕಳಲ್ಲ.”

ಯಾರೂ ನೋಡಲ್ಲ ಅನ್ನುವುದು ಸುಳ್ಳು. ಐದು ಗಂಟೆಗೆ ನಮ್ಮ ಓಣಿಯಲ್ಲಿ ನಲ್ಲಿ ನೀರು ಬರುತ್ತದೆ, ಇಡೀ ಓಣಿಯೇ ಬಿಂದಿಗೆ ಹಿಡಿದು ನಿಂತಿರುತ್ತದೆ. ಎದುರು ಮನೆಯ ಅಜ್ಜಿ ನನ್ನ ಹೊಸ ಬೂಟು ನೋಡಿದ ಮೊದಲ ದಿನವೇ, “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು,” ಅಂದಳು. ನನಗೆ ಕೇಳಲಿ ಅಂತಲೇ ಅಂದಳು. ನಾನೂ ಬಿಡಲಿಲ್ಲ. “ಅಜ್ಜಿ, ಮಲ್ಲಿಗೆ ಕಾಲಿಗೆ ಹಾಕ್ಕಂಡೀನಿ, ನೋಡು,” ಅಂದೆ. ಅಷ್ಟು ಹೇಳಿ ಓಡಿದವಳು ಓಣಿ ದಾಟುವುದರೊಳಗೆ ನಡೆಯತೊಡಗಿದ್ದೆ.

ನನ್ನ ಕಾಲು ಏಳುತ್ತಲೇ ಇರಲಿಲ್ಲ. ಮೀನಖಂಡದಲ್ಲಿ ಯಾರೋ ಕಟ್ಟಿಗೆ ತುರುಕಿದ ಹಾಗಿರುತ್ತಿತ್ತು. ನಮ್ಮೂರಿನ ಗುಡ್ಡಗಳಲ್ಲಿ ಕರಡಿಗಳಿವೆ, ಒಂದೊಂದು ಸಲ ಬೆಳಗಿನ ಜಾವ ರಸ್ತೆಗೂ ಬರುತ್ತವೆ. ಹುಷಾರು ಅಂತ ಎಲ್ಲರೂ ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ಕರಡಿ ಅಟ್ಟಿಸಿಕೊಂಡು ಬಂದಿದ್ದರೂ ಬೆಳಿಗ್ಗೆ ನನ್ನಿಂದ ಓಡಲಾಗುತ್ತಿರಲಿಲ್ಲ. ಎರಡು ಮಾತು ಬುದ್ಧಿ ಹೇಳಿ ಕಳಿಸಿಬಿಡುತ್ತಿದ್ದೆ.

ಎರಡು ತಿಂಗಳು ಹೀಗೆ ಹೋದ ಮೇಲೆ ಸಂಜೆಯೂ ಕಾಲೇಜು ಮೈದಾನಕ್ಕೆ ಹೋಗಲು ಶುರುಮಾಡಿದೆ. ಅಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದ ಒಬ್ಬರು ಹುಡುಗ ಹುಡುಗಿಯರಿಗೆ ಓಟ ಕಲಿಸುತ್ತಿದ್ದರು. ನಾವು ಅವರನ್ನು ಮೇಷ್ಟ್ರು ಅನ್ನುತ್ತಿದ್ದೆವು. ಮನೆಮಾತು ತೆಲುಗು, ಬೈದರೆ ಕನ್ನಡ, ಹೊಗಳಿದರೆ ತೆಲುಗು. ಮೊದಲ ಸಂಜೆ ಐದೂವರೆಗೆ ಮಗ್ಗದಿಂದ ಎದ್ದವಳು ಹಾಗೇ ಹೋಗಿ ಮೈದಾನಕ್ಕೆ ಎರಡು ಸುತ್ತು ಹಾಕಿದೆ. ಅವರು ಗಡಿಯಾರ ನೋಡಿ, “ಪರ್ವಾಲೇದಮ್ಮಾ!” ಅಂದರು. ಮೂರು ನಿಮಿಷ ಐವತ್ತೈದು ಸೆಕೆಂಡು. ನಾನು ನಂಬಲಿಲ್ಲ. ಅದೇ ಮೈದಾನ, ಅವೇ ಎರಡು ಸುತ್ತು, ಅವತ್ತು ಬೆಳಿಗ್ಗೆ ನಾಲ್ಕು ನಿಮಿಷ ಹದಿನೆಂಟು ಸೆಕೆಂಡು ತೆಗೆದುಕೊಂಡಿದ್ದೆ.

ಅಂದಿನಿಂದ ನನಗೆ ಒಂದೇ ದಿನದಲ್ಲಿ ಎರಡು ಬಾಳು. ಸಂಜೆ ಎಲ್ಲರ ಎದುರಿಗೆ, ವಾಲಿಬಾಲ್ ಆಡುವ ಗಂಡಸರ ಎದುರಿಗೆ, ಚೂಡಿದಾರದ ಮೇಲೆ ಬೂಟು ಹಾಕಿಕೊಂಡು ನಾಚಿಕೆಯಿಲ್ಲದೆ ಓಡುತ್ತಿದ್ದೆ, ಚೆನ್ನಾಗಿ ಓಡುತ್ತಿದ್ದೆ. ಬೆಳಿಗ್ಗೆ ಮತ್ತೆ ಅದೇ ಕಟ್ಟಿಗೆ ಕಾಲು. ಪರೀಕ್ಷೆಯನ್ನು ಸಂಜೆ ಇಟ್ಟರೆ ಅವರ ಗಂಟೇನು ಹೋಗುತ್ತಿತ್ತು ಅಂತ ಬೈದುಕೊಳ್ಳುತ್ತಿದ್ದೆ. ಮೇಷ್ಟ್ರು ಹೊಟ್ಟೆ ಖಾಲಿ ಇರಬಾರದು ಅಂದರು, ಬಾಳೆಹಣ್ಣು ತಿಂದೆ. ಬೇಗ ಮಲಗು ಅಂದರು, ಎಂಟಕ್ಕೇ ಮಲಗಿದೆ. ಹತ್ತು ನಿಮಿಷ ಮೈ ಬಿಸಿ ಮಾಡು ಅಂದರು, ಕೈಕಾಲು ಜಾಡಿಸಿ ಕುಪ್ಪಳಿಸಿದೆ. ಎದುರು ಮನೆ ಅಜ್ಜಿ ಹರಳೆಣ್ಣೆ ತಿಕ್ಕು ಅಂದಳು, ಅದನ್ನೂ ತಿಕ್ಕಿದೆ. ಆಳಿಗೊಂದು ಮಾತು, ಕಾಲು ಮಾತ್ರ ಯಾರ ಮಾತೂ ಕೇಳಲಿಲ್ಲ.

ಕೊನೆಗೆ ನಾನು ಸೋಮಾರಿ ಅಂತಲೇ ತೀರ್ಮಾನಿಸಿಕೊಂಡೆ. ಅದೇ ದೊಡ್ಡ ನೋವು. ದಿನಕ್ಕೆ ಹತ್ತು ಗಂಟೆ ನೇಯುವವಳು ನಾನು, ನನ್ನನ್ನು ಯಾರೂ ಆ ಮಾತು ಅಂದಿರಲಿಲ್ಲ. ಈಗ ನಾನೇ ಅಂದುಕೊಳ್ಳುವ ಹಾಗಾಯಿತು.

ಗುಟ್ಟು ಕಂಡುಹಿಡಿದವಳು ಅವ್ವ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ನಾನು ದಿನದಿನದ ಸಮಯ ಬರೆದಿಡುತ್ತಿದ್ದೆ, ಬೆಳಗಿನದು ಮೇಲೆ, ಸಂಜೆಯದು ಕೆಳಗೆ. ನಾಲ್ಕು ನಿಮಿಷ ದಾಟಿದರೆ ಕೆಂಪು ಪೆನ್ನು, ಒಳಗಿದ್ದರೆ ನೀಲಿ. ಅವ್ವನಿಗೆ ಓದು ಅಷ್ಟಕ್ಕಷ್ಟೇ. ಆದರೆ ಅಮಾವಾಸ್ಯೆ ಯಾವತ್ತು ಅಂತ ನೋಡಲು ಕ್ಯಾಲೆಂಡರಿನ ಮುಂದೆ ನಿಲ್ಲುತ್ತಿದ್ದಳು, ಏಕೆಂದರೆ ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗಕ್ಕೆ ರಜೆ. ಅವತ್ತು ಮಗ್ಗ ಒರೆಸಿ, ಕುಂಕುಮ ಇಟ್ಟು, ದೀಪ ಹಚ್ಚುತ್ತೇವೆ. ಲಾಳಿ ಮುಟ್ಟುವುದಿಲ್ಲ, ಕುಣಿಗೆ ಕಾಲು ಇಳಿಬಿಡುವುದಿಲ್ಲ. ಒಂದು ಮಧ್ಯಾಹ್ನ ಅವಳು ಕ್ಯಾಲೆಂಡರಿನ ಹಾಳೆಗಳನ್ನು ಹಿಂದೆ ಮುಂದೆ ತಿರುವುತ್ತಾ ನಿಂತಿದ್ದಳು.

“ಲೇ, ಇಲ್ಲಿ ಬಾ. ಸಂಜೆದೆಲ್ಲಾ ನೀಲಿ ಐತೆ. ಅಮಾಸೆ ದಿನ ಮಾತ್ರ ಸಂಜೇನೂ ಕೆಂಪು ಐತೆ. ಯಾಕೆ?”

ನಾನು ಎದ್ದು ನೋಡಿದೆ. ಮೂರು ಅಮಾವಾಸ್ಯೆ, ಮೂರು ಸಂಜೆ, ಮೂರೂ ಕೆಂಪು. ಮರುದಿನದ ಬೆಳಗುಗಳು ಇನ್ನೂ ಕಡೆ, ಎಲ್ಲ ಬೆಳಗುಗಳಿಗಿಂತ ಕೆಟ್ಟವು.

“ನೀನು ಓಡ್ತಿರೋದು ಸಂಜೆ ಅಂತಲ್ಲ ಕಣೇ,” ಅಂದಳು ಅವ್ವ. “ಹಗಲೆಲ್ಲಾ ಕುಣಿಯಾಗೆ ಕಾಲಾಡಿಸಿ ಹೋಗ್ತೀಯಲ್ಲ, ಅದು ಓಡಿಸ್ತೈತೆ. ನಂಗೂ ಹಂಗೇ ಆಗ್ತಿತ್ತು. ಬೆಳಿಗ್ಗೆ ಮೊದಲ ಮೊಳ ನೇಯೋವರೆಗೂ ಕಾಲು ನಂದಲ್ಲ ಅನ್ನಿಸ್ತಿತ್ತು.”

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಇಷ್ಟು ತಿಂಗಳು ಬೈದುಕೊಂಡದ್ದು ಬೆಳಗನ್ನು, ನನ್ನನ್ನು. ತಪ್ಪು ಇಬ್ಬರದೂ ಅಲ್ಲ. ಹದಿನಾರನೆಯ ವಯಸ್ಸಿನಿಂದ ಈ ಕಾಲು ಕಲಿತದ್ದು ಒಂದೇ ವಿದ್ಯೆ, ಹತ್ತು ನಿಮಿಷದ ಕುಪ್ಪಳಿಕೆ ಅದಕ್ಕೆ ಎಲ್ಲಿಗೆ ಸಾಲಬೇಕು? ಮರುದಿನ ನಾಲ್ಕೂವರೆಗೆ ಎದ್ದು ಮುಕ್ಕಾಲು ಗಂಟೆ ನೇಯ್ದೆ. ಆಮೇಲೆ ಮೈದಾನಕ್ಕೆ ಹೋಗಿ ಓಡಿದೆ. ಮೂರು ನಿಮಿಷ ಐವತ್ತೆಂಟು ಸೆಕೆಂಡು. ಕ್ಯಾಲೆಂಡರಿನಲ್ಲಿ ಬೆಳಗಿನ ಸಾಲಿನಲ್ಲಿ ಮೊದಲ ಬಾರಿಗೆ ನೀಲಿ ಪೆನ್ನಿನಲ್ಲಿ ಬರೆದೆ. ಆರು ತಿಂಗಳು ಹಾಗೇ ನಡೆಯಿತು, ನಾನು ನೆಮ್ಮದಿಯಾಗಿದ್ದೆ.

ಆಮೇಲೆ ಓಟದ ದಿನ ತಿಳಿಸಿ ಪತ್ರ ಬಂತು. ಚಳ್ಳಕೆರೆಯಲ್ಲಿ, ಬೆಳಿಗ್ಗೆ ಆರಕ್ಕೆ ಹಾಜರಿರಬೇಕು. ಕ್ಯಾಲೆಂಡರ್ ನೋಡಿದರೆ ಅದು ಅಮಾವಾಸ್ಯೆಯ ಮರುದಿನ.

ಚಳ್ಳಕೆರೆ ನಮ್ಮೂರಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ, ಅಷ್ಟು ಬೆಳಿಗ್ಗೆ ಮುಟ್ಟಬೇಕಾದರೆ ಹಿಂದಿನ ದಿನವೇ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿಯಬೇಕು. ಅಲ್ಲಿ ಮಗ್ಗವಿಲ್ಲ. ಹಿಂದಿನ ದಿನವಾದರೂ ಹೊರಡುವವರೆಗೆ ನೇಯೋಣವೆಂದರೆ ಅದು ಅಮಾವಾಸ್ಯೆ. ಮೂರು ಸಲ ಕೆಂಪು ಪೆನ್ನಿನಲ್ಲಿ ಬರೆದದ್ದು ಕಣ್ಣೆದುರಿಗೇ ಇತ್ತು.

ಅಮಾವಾಸ್ಯೆಯ ದಿನ ಮಧ್ಯಾಹ್ನ ಅವ್ವನನ್ನು ಕೇಳಿದೆ. ಲಾಳಿ ಮುಟ್ಟುವುದಿಲ್ಲ, ಒಂದೆಳೆಯೂ ನೇಯುವುದಿಲ್ಲ, ಬರೀ ಎರಡು ಗಂಟೆ ಕಾಲು ಇಳಿಬಿಟ್ಟು ತುಳಿಯುತ್ತೇನೆ ಅಂದೆ.

“ಅಮಾಸೆ ದಿನ ಮಗ್ಗಕ್ಕೆ ಕಾಲಿಡಂಗಿಲ್ಲ.”

“ನನ್ನ ಕೊನೇ ಸಲ ಅವ್ವ ಇದು.”

“ನಿನ್ನ ಅಜ್ಜಿ ಇಟ್ಟಿಲ್ಲ, ನಾನು ಇಟ್ಟಿಲ್ಲ. ದೀಪ ಹಚ್ಚಿರೋ ಮಗ್ಗ ಅದು. ಬ್ಯಾಡ.”

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನಿನ್ನ ಮಂಡಿಯ ಹಾಗೆ ನನ್ನ ಮಂಡಿಯೂ ಆಗಲಿ ಅಂತ ನಿನಗಾಸೆ ಅಂದುಬಿಟ್ಟೆ. ಅನ್ನಬಾರದಿತ್ತು. ಅವ್ವ ಕಂಡಿಕೆಯ ಬುಟ್ಟಿಯನ್ನು ಎಳೆದುಕೊಂಡಳು, ಅವತ್ತು ಅದನ್ನೂ ಸುತ್ತುವಂತಿರಲಿಲ್ಲ, ಸುಮ್ಮನೆ ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಚೀಲ ಹೆಗಲಿಗೆ ಹಾಕಿ ಹೊಸ್ತಿಲು ದಾಟುತ್ತಾ, “ಹೋಗ್ತೀನಿ,” ಅಂದೆ. ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬೇಕು, ಹೋಗ್ತೀನಿ ಅನ್ನಕೂಡದು. ಗೊತ್ತಿದ್ದೇ ಅಂದೆ, ಅವಳಿಗೆ ಚುಚ್ಚಲಿ ಅಂತಲೇ ಅಂದೆ. ಬಸ್ಸು ತಳಕು ಊರು ದಾಟುವುದರೊಳಗೆ ಆ ಮಾತು ತಿರುಗಿ ನನಗೇ ಚುಚ್ಚುತ್ತಿತ್ತು. ಫೋನು ಮಾಡಬಹುದಿತ್ತು, ಮಾಡಲಿಲ್ಲ.

ಚಿಕ್ಕಮ್ಮನ ಮನೆ ಎಣ್ಣೆ ಮಿಲ್ಲಿನ ಹಿಂದೆ, ಮನೆಯೆಲ್ಲಾ ಶೇಂಗಾ ಹಿಂಡಿಯ ವಾಸನೆ. ಅವಳು ಬೆಳಿಗ್ಗೆ ನಾಲ್ಕಕ್ಕೇ ಎಬ್ಬಿಸಿ, ಚಹಾ ಕೊಟ್ಟು, ದಾರಿಗೆ ಅಂತ ಶೇಂಗಾ ಉಂಡೆ ಕಟ್ಟಿಕೊಟ್ಟಳು. ಐದಕ್ಕೆಲ್ಲ ಮೈದಾನ ಮುಟ್ಟಿದೆ. ಕಾಲು ಆಗಲೇ ತನ್ನ ಬುದ್ಧಿ ತೋರಿಸುತ್ತಿತ್ತು, ಮೆಟ್ಟಿಲು ಹತ್ತುವಾಗ ಮಂಡಿ ಮಡಚಲು ಒಲ್ಲೆ ಅಂದಿತು. ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಕೆಲವರು ಕುಪ್ಪಳಿಸುತ್ತಿದ್ದರು, ಕೆಲವರು ದೇವರ ಹೆಸರು ಹೇಳುತ್ತಿದ್ದರು. ನಾನು ಕಾಂಪೌಂಡಿನ ಉದ್ದಕ್ಕೂ ಸುಮ್ಮನೆ ನಡೆಯುತ್ತಾ ಹೋದೆ.

ಮೈದಾನದ ಹಿಂದಿನ ಮೂಲೆಯಲ್ಲಿ ನೀರಿನ ಪೈಪು ಹಾಕಲು ಕಾಲುವೆ ತೋಡಿ ಹಾಗೇ ಬಿಟ್ಟಿದ್ದರು. ಮಂಡಿಯಷ್ಟು ಆಳ. ತಳದಲ್ಲಿ ಪೈಪು ಇನ್ನೂ ಇರಲಿಲ್ಲ, ಮೆತ್ತನೆಯ ಕೆಂಪು ಮಣ್ಣು. ನಾನು ನಿಂತು ಅದನ್ನೇ ನೋಡಿದೆ. ಆಮೇಲೆ ಚೀಲ ಪಕ್ಕಕ್ಕಿಟ್ಟು, ಅಭ್ಯಾಸಬಲದಿಂದ ಅಂಚಿನ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಕೂತು, ಎರಡೂ ಕಾಲು ಒಳಗೆ ಇಳಿಬಿಟ್ಟೆ.

ತುಳಿಯಲು ಶುರುಮಾಡಿದೆ. ಬಲ, ಎಡ, ಬಲ, ಎಡ. ಕೆಳಗೆ ತುಳಿಮಣೆಯಿಲ್ಲ, ಮಣ್ಣಿನ ಸಡಿಲ ಹೆಂಟೆಗಳನ್ನೇ ಒತ್ತಿದೆ. ಕೈ ಸುಮ್ಮನಿದ್ದರೆ ಕಾಲಿಗೆ ಲಯ ಸಿಗುತ್ತಿರಲಿಲ್ಲ. ಅದಕ್ಕೆ ಕೈಯನ್ನೂ ಆಡಿಸಿದೆ, ಇಲ್ಲದ ಲಾಳಿಯನ್ನು ಎಸೆದೆ, ಎಳೆ ಬಿಗಿಯಲು ಇಲ್ಲದ ಹಣಿಗೆಯನ್ನು ಎಳೆದೆ. ಗಾಳಿಯಲ್ಲಿ ಸೀರೆ ನೇಯುತ್ತಿದ್ದ ನನ್ನನ್ನು ನೋಡಿ ಯಾರೋ ಕಿಸಕ್ಕನೆ ನಕ್ಕರು. ತಳಕಿನ ಕಡೆಯ ಒಬ್ಬ ಹುಡುಗಿ ಹತ್ತಿರವೇ ಬಂದಳು, ಕುರಿ ಕಾಯುವವರ ಮನೆಯವಳು ಅಂತ ಆಮೇಲೆ ಗೊತ್ತಾಯಿತು.

“ಏನಕ್ಕಾ ಇದು, ಸೈಕಲ್ಲಾ?”

“ಮಗ್ಗ ಕಣಮ್ಮ. ಇದಿಲ್ದೆ ನನ್ನ ಕಾಲು ಏಳಲ್ಲ.”

“ನಮ್ಮ ಕಾಲು ಬೆಳಿಗ್ಗೇನೇ ಎದ್ದಿರ್ತಾವೆ ಬಿಡು. ಕುರಿ ಬಿಡ್ಬೇಕಲ್ಲ,” ಅಂದಳು. ನಗಲಿಲ್ಲ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ನನ್ನ ಕಾಲನ್ನೇ ನೋಡಿದಳು. “ಓಡುವಾಗ ನನ್ನ ಹಿಂದೇನೇ ಬಾ, ಬಿಡಬ್ಯಾಡ,” ಅಂದಳು.

ಮುಕ್ಕಾಲು ಗಂಟೆಗೂ ಹೆಚ್ಚು ತುಳಿದಿರಬೇಕು. ಯಾವಾಗಲೋ ಮೀನಖಂಡದ ಬಿಗಿ ಸಡಿಲವಾಯಿತು. ಮೊದಲ ಮೊಳ ಮುಗಿದಾಗ ಆಗುತ್ತದಲ್ಲ, ಹಾಗೆ. ಅಷ್ಟರಲ್ಲಿ ಕರೆದರು. ನಮ್ಮಿಬ್ಬರದು ಒಂದೇ ಗುಂಪು, ಹದಿನೈದು ಜನ.

ಸೀಟಿ ಊದಿದರು, ಓಡಿದೆವು. ಆ ಹುಡುಗಿಯ ಎಣ್ಣೆ ಹಚ್ಚಿದ ಜಡೆಯೊಂದನ್ನೇ ನೋಡುತ್ತಾ ಮೊದಲ ಸುತ್ತು ಮುಗಿಸಿದೆ. ಎರಡನೆಯ ಸುತ್ತಿನ ಅರ್ಧದಲ್ಲಿ ಜಡೆ ದೂರವಾಗತೊಡಗಿತು, ಎದೆ ಬಿಗಿಯಿತು, ಹೋದ ವರ್ಷ ಕುಸಿದದ್ದೂ ಅಲ್ಲೇ. ಆದರೆ ಕಾಲು ಮಾತ್ರ ಬಲ, ಎಡ ಅಂತ ತನ್ನ ಪಾಡಿಗೆ ತಾನು ನಡೆಸಿತ್ತು. ಉಸಿರು ಇರಲಿ ಬಿಡಲಿ, ಸೆರಗಿನ ಕೊನೆ ಬರುವವರೆಗೆ ನಿಲ್ಲುವ ಅಭ್ಯಾಸ ಅದಕ್ಕಿರಲಿಲ್ಲ. ಗೆರೆ ದಾಟಿ ಬಿದ್ದೆ. ಗಡಿಯಾರ ಹಿಡಿದವರು ನನ್ನ ಎದೆಯ ಸಂಖ್ಯೆ ಕೂಗಿ, “ಮೂರು ಐವತ್ತಾರು, ಪಾಸ್,” ಅಂದರು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರೆ, ನನಗೆ ಅವತ್ತು ನಾಲ್ಕು ಸೆಕೆಂಡಿನಲ್ಲಿ ತಪ್ಪಿತು. ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡು ಮನಸಾರೆ ಅತ್ತೆ. ಎಷ್ಟು ಹಗುರಾಯಿತೆಂದರೆ, ಒಂದು ವರ್ಷದಿಂದ ಮರೆತೇಹೋಗಿದ್ದ ಹಸಿವು ಆಗ ತಿರುಗಿ ಬಂತು. ಆ ಹುಡುಗಿಯೂ ಪಾಸಾಗಿದ್ದಳು. ಇಬ್ಬರೂ ಕೂತು ಚಿಕ್ಕಮ್ಮನ ಶೇಂಗಾ ಉಂಡೆಗಳನ್ನೆಲ್ಲ ಖಾಲಿ ಮಾಡಿದೆವು. ಆಮೇಲೆ ಅವ್ವನಿಗೆ ಫೋನು ಮಾಡಿದೆ.

ಒಂದೇ ರಿಂಗಿಗೆ ಎತ್ತಿದಳು. ಉಸಿರು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು, ಹಿಂದೆ ಟಕ್ ಟಕ್ ಅಂತ ಸದ್ದು. ನನಗೆ ಆ ಸದ್ದು ಗೊತ್ತಾಗದೆ ಇರುತ್ತದೆಯೇ?

“ಅವ್ವ, ಪಾಸಾದೆ.”

ಸದ್ದು ನಿಂತಿತು. ಆಮೇಲೆ, “ಆಯ್ತಾ? ಹಂಗಾರೆ ನಾನಿನ್ನು ಕಾಲು ನಿಲ್ಸಲಾ?” ಅಂದಳು.

“ಕುಣಿಗೆ ಇಳ್ದಿದೀಯಾ? ಡಾಕ್ಟ್ರು ಏನ್ ಹೇಳಿದಾರೆ?”

“ಅಮಾಸೆ ಇವತ್ತು ಬೆಳಿಗ್ಗೆ ಐದು ಗಂಟೆಗೇ ಕಳೀತು, ಎದುರು ಮನೆ ಅಜ್ಜಿ ಕೈಲಿ ಪಂಚಾಂಗ ನೋಡಿಸ್ಕಂಡೇ ಇಳ್ದೆ. ನೀನು ಹೋಗ್ತೀನಿ ಅಂದು ಹೋದೆ. ಮನಸ್ಸು ತಡೀಲಿಲ್ಲ. ಅಲ್ಲಿ ನಿಂಗೆ ಮಗ್ಗ ಇಲ್ಲ, ಇಲ್ಲಾದ್ರೂ ಯಾರಾದ್ರೂ ತುಳೀಲಿ ಅಂತ.”

ಯಾರನ್ನಾದರೂ ಕರೆದು ಮೇಲೆ ಬಾ ಅಂದೆ. ಅಜ್ಜಿಗೆ ತನ್ನನ್ನೆತ್ತುವ ಶಕ್ತಿ ಇಲ್ಲ, ಬೇರೆಯವರ ಕೈಲಿ ಎತ್ತಿಸಿಕೊಳ್ಳುವುದು ತನಗೆ ಬೇಡ, ನೀನು ಬರುವವರೆಗೆ ಇಲ್ಲೇ ಕೂತಿರುತ್ತೇನೆ ಅಂದಳು.

“ಬರ್ತೀನಿ ಅವ್ವ,” ಅಂದೆ.

ಸಿಕ್ಕ ಮೊದಲ ಬಸ್ಸು ಹತ್ತಿದೆ. ಆ ಬಸ್ಸು ಎಲ್ಲ ಊರಲ್ಲೂ ನಿಂತಿತು, ನಿಂತಲ್ಲೆಲ್ಲ ನಾನು ಡ್ರೈವರನ್ನು ಬೈದೆ. ನಿಲ್ದಾಣದಿಂದ ಮನೆಗೆ ಓಡಿದೆ. ಆಗ ಹತ್ತು ಗಂಟೆ, ಬೆಳಗೂ ಅಲ್ಲ ಸಂಜೆಯೂ ಅಲ್ಲ, ಯಾರೂ ಗಡಿಯಾರ ಹಿಡಿದಿರಲಿಲ್ಲ. ಅವ್ವ ಕುಣಿಯ ಅಂಚಿನಲ್ಲೇ ಕೂತಿದ್ದಳು. ನನ್ನ ಅರ್ಧ ನೇಯ್ದ ಸೀರೆಯಲ್ಲಿ ನಾಲ್ಕು ಬೆರಳಗಲ ಹೊಸದಾಗಿ ಸೇರಿತ್ತು. ಕೈ ತಪ್ಪಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಬಿಚ್ಚಿ ನೇಯಬೇಕಾದಷ್ಟು ಕೆಟ್ಟಿತ್ತು, ಬಿಚ್ಚಿದೆ ಕೂಡ, ಆದರೆ ಅದು ಮರುದಿನ. ಅವತ್ತು ಚೀಲ ಅಲ್ಲೇ ಎಸೆದು ಅವಳ ಹಿಂದೆ ನಿಂತು, ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿದೆ. ಮಂಡಿ ಲಟಲಟ ಅಂದಿತು.

“ಮೆಲ್ಲಗೆ,” ಅಂದಳು ಅವ್ವ. “ಬೆಳಿಗ್ಗೆ ಹೊತ್ತು ನನ್ನ ಕಾಲೂ ಏಳಲ್ಲ.”